ಸೋಸಿದ ನೀರಿನ ಮೀನುಗಳು

ಮೀನು ಸಾಕಿದರೆ ಮನಸ್ಸಿಗೆ ಶಾಂತಿ ಸಿಗುತ್ತದೆ ಎಂದು ನನಗೆ ಯಾರೋ ಹೇಳಿದ್ದರು. ಯಾರೆಂದು ಈಗ ನೆನಪಾಗುತ್ತಿಲ್ಲ. ನೆನಪಾದ ದಿನ ಅವರ ಮನೆಗೇ ಹೋಗಿ ಎರಡು ಮಾತು ಕೇಳಿ ಬರಬೇಕೆಂದಿದ್ದೇನೆ. ನಾನು ಮೀನು ಸಾಕಿದ್ದು ಒಂದು ಮಳೆಗಾಲದಿಂದ ಚಳಿಗಾಲದವರೆಗೆ, ಅಷ್ಟೇ. ಆ ಅವಧಿಯಲ್ಲಿ ನನ್ನ ಎದೆ ಧಸಕ್ಕೆಂದಷ್ಟು ಸಲ ಉಳಿದ ಆಯುಷ್ಯದಲ್ಲೆಲ್ಲ ಅಂದಿಲ್ಲ, ಮದುವೆಯ ದಿನವನ್ನು ಸೇರಿಸಿಕೊಂಡರೂ. ನೋಡಲು ಅವು ಬೆರಳುದ್ದದ ಪ್ರಾಣಿಗಳು. ಕೂಗುವುದಿಲ್ಲ, ಕಚ್ಚುವುದಿಲ್ಲ, ಹಗ್ಗ ಹರಿದುಕೊಂಡು ಪಕ್ಕದವರ ಹೊಲಕ್ಕೆ ನುಗ್ಗುವುದಿಲ್ಲ. ಆದರೂ ಮನುಷ್ಯನನ್ನು ಬೆಚ್ಚಿಬೀಳಿಸುವ ಕಲೆ ಅವಕ್ಕಿರುವಷ್ಟು ಹುಲಿಗೂ ಇರಲಾರದು.

ನಮ್ಮೂರಿನಲ್ಲಿ ಕಾಂಗ್ರೆಸ್ ಅಧಿವೇಶನ ನಡೆದುಹೋದ ಮರುವರ್ಷ. ಬೆಳಗಾವಿಯ ಕ್ಯಾಂಪಿನಲ್ಲಿದ್ದ ಒಬ್ಬ ಸಾಹೇಬ ವಿಲಾಯತಿಗೆ ಹೊರಟು ತನ್ನ ಮನೆಯ ಸಾಮಾನನ್ನೆಲ್ಲ ಲಿಲಾವಿಗೆ ಹಾಕಿದ್ದ. ಒಂದು ಬೆತ್ತದ ಕುರ್ಚಿ ತರುತ್ತೇನೆಂದು ಮನೆಯಲ್ಲಿ ಹೇಳಿ ಹೋದ ನಾನು, ಕಬ್ಬಿಣದ ಚೌಕಟ್ಟಿಗೆ ನಾಲ್ಕೂ ಕಡೆ ಗಾಜು ಕೂಡಿಸಿದ ಒಂದು ತೊಟ್ಟಿಯನ್ನು ಟಾಂಗಾದಲ್ಲಿ ಹೇರಿಕೊಂಡು ಶಹಾಪುರದ ನಮ್ಮ ಓಣಿಗೆ ಬಂದೆ. ಮಗ್ಗದ ಸದ್ದು ಒಂದು ಕ್ಷಣ ನಿಂತಿತು. ನೇಕಾರರೆಲ್ಲ ಕಿಟಕಿಗೆ ಬಂದಿದ್ದರು. ಹೊಸ್ತಿಲಲ್ಲಿ ಅವ್ವ ನಿಂತಿದ್ದಳು.

"ಇದೇನೋ ತಮ್ಮಾ, ಕಾಜಿನ ಪೆಟಗಿ?"

"ಮೀನ ಹಾಕೂದವ್ವಾ," ಎಂದೆ.

ಅವ್ವ ಎದೆಯ ಮೇಲೆ ಕೈಯಿಟ್ಟುಕೊಂಡು ಅಲ್ಲೇ ಕಟ್ಟೆಯ ಮೇಲೆ ಕುಳಿತುಬಿಟ್ಟಳು. ನಮ್ಮದು ಜೈನರ ಮನೆ. ಉಳ್ಳಾಗಡ್ಡಿಯ ಮಾತು ಹಾಗಿರಲಿ, ನೆಲದೊಳಗೆ ಬೆಳೆಯುವುದೆಂದು ಒಂದು ಗಜ್ಜರಿ ಕೂಡ ಈ ಹೊಸ್ತಿಲು ದಾಟಿದ ಇತಿಹಾಸವಿಲ್ಲ. ಹೊತ್ತು ಮುಳುಗಿದ ಮೇಲೆ ಅವ್ವ ಬಾಯಿಗೆ ಅಗುಳು ಮುಟ್ಟಿಸುವುದಿಲ್ಲ. ಅಂಥ ಮನೆಯ ಏಕಮಾತ್ರ ಪುತ್ರ, ಸಾಲೆಯ ಮಾಸ್ತರ, ಹಾಡಹಗಲು ಓಣಿಯ ನಡುವೆ ನಿಂತು ಮೀನಿನ ಹೆಸರು ಎತ್ತಿದ್ದ. ತಿನ್ನುವುದಕ್ಕಲ್ಲ, ನೋಡುವುದಕ್ಕೆ ಎಂದು ನಾನು ಬಿಡಿಸಿ ಹೇಳಿದೆ. ಅರನಾಥ ತೀರ್ಥಂಕರರ ಲಾಂಛನವೇ ಮೀನಲ್ಲವೇ ಎಂದು ಶಾಸ್ತ್ರವನ್ನೂ ಎಳೆದು ತಂದೆ.

"ಲಾಂಛನದಾಗಿನ ಮೀನು ಕಲ್ಲಿಂದು," ಎಂದಳು ಅವ್ವ. "ಅದಕ್ಕ ಹಸಿವಾಗಾಂಗಿಲ್ಲ."

ಈ ಮಾತನ್ನು ಆಗ ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಹಾಕಿಕೊಂಡಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. ಸಂಜೆಯ ಹೊತ್ತಿಗೆ ಅವ್ವ ಮೆತ್ತಗಾದಳು. ಆದರೆ ಒಂದು ಕರಾರು ಹಾಕಿದಳು. ಮನೆಗೆ ಬಂದ ಜೀವ ಮನೆಯಲ್ಲಿ ಉಪವಾಸ ಬೀಳಬಾರದು, ಸಾಯಬಾರದು. ಒಂದು ಸತ್ತರೂ ಉಳಿದವು ಅಂದೇ ಹೊಳೆಗೆ ಹೋಗಬೇಕು, ಆ ಪಾಪಕ್ಕೆ ಅವಳು ಅನ್ನ ಬಿಡುತ್ತಾಳೆ. ಅವ್ವನ ಬಾಯಿಂದ ಅನ್ನ ಬಿಡುವ ಮಾತು ಬಂದರೆ ಅದು ಬರಿಯ ಮಾತಲ್ಲ, ಮನೆಯವರೆಲ್ಲ ಬಲ್ಲೆವು.

ಮೀನು ತಂದುಕೊಟ್ಟವನು ನನ್ನ ಬಾಲ್ಯದ ಗೆಳೆಯ ಪರಶುರಾಮ. ಖಾನಾಪುರದ ಕಟ್ಟಿಗೆ ವಖಾರಿಯಲ್ಲಿ ಕಾರಕೂನ. ಮನೆಮಾತು ಮರಾಠಿ, ನಮ್ಮೊಡನೆ ಕನ್ನಡ, ಸಿಟ್ಟು ಬಂದಾಗ ಎರಡೂ. ಮಲಪ್ರಭೆಯ ದಂಡೆಯ ತಿಳಿನೀರಿನಲ್ಲಿ ಪಂಚೆ ಒಡ್ಡಿ ಹಿಡಿದು, ಹಿತ್ತಾಳೆಯ ಕೊಡದಲ್ಲಿ ಹಾಕಿ, ಬಾಯಿಗೆ ಒದ್ದೆ ಬಟ್ಟೆ ಕಟ್ಟಿ ರೈಲಿನಲ್ಲಿ ತಂದ. ಬೆಳ್ಳಿಯ ಮೈ, ಪಕ್ಕೆಯ ಮೇಲೆ ನೀಲಿ ಗೆರೆ. ಹೆಸರು ಕೇಳಿದರೆ "ಮೀನು" ಎಂದ.

ಸುದ್ದಿ ಪಕ್ಕದ ಖಾಸಬಾಗ ಮುಟ್ಟಲು ನಮ್ಮ ಮನೆಯ ಒಲೆ ಹೊತ್ತುವಷ್ಟು ಸಮಯವೂ ಬೇಕಾಗಲಿಲ್ಲ. ಮಾಸ್ತರನ ಮನೆಯಲ್ಲಿ ಮೀನು ಬಂದಿವೆಯಂತೆ! ಬರುಬರುತ್ತ ಅದು 'ಮಾಸ್ತರನ ಮನೆಯಲ್ಲಿ ಮೀನಿನ ಊಟ ನಡೆಯುತ್ತದಂತೆ' ಎಂದಾಯಿತು. ಅಲ್ಲಿಂದ ನಮ್ಮ ಸೋದರತ್ತೆ ಮೈಲಿಗೆಯ ಮುಖ ಹೊತ್ತು ಬಂದಳು. ನೇರ ಅಡುಗೆಮನೆಗೆ ಹೋಗಿ ಮೂಗೆಳೆದು ನೋಡಿದಳು, ಕೊಟ್ಟ ನೀರನ್ನು ಮುಟ್ಟಲಿಲ್ಲ. ಆಮೇಲೆ ಪಡಸಾಲೆಯ ತೊಟ್ಟಿಯ ಮುಂದೆ, ಬೈಯುವುದಕ್ಕೆಂದೇ ಕುಳಿತಳು. ಸಂಜೆಯವರೆಗೆ ಏಳಲಿಲ್ಲ. ಹೋಗುವಾಗ "ಆ ಸಣ್ಣದರ ಬಾಲ ನೋಡಿದ್ಯೇನು, ಖರೇ ಜರಿ ಸೆರಗ ಇದ್ದಂಗ ಐತಿ," ಎಂದು ಹೇಳಿ ಹೋದಳು.

ನಮ್ಮ ಹಿರಿಯರು ಮೀನಿಗೆ ಅನಿಮಿಷ ಎಂಬ ಹೆಸರು ಕೊಟ್ಟಿದ್ದಾರೆ, ರೆಪ್ಪೆ ಬಡಿಯದ್ದು ಎಂದು. ದೇವತೆಗಳಿಗೂ ಅದೇ ಹೆಸರು. ಇದರ ಮರ್ಮ ತಿಳಿಯಬೇಕಾದರೆ ತೊಟ್ಟಿಯ ಮುಂದೆ ಒಂದು ತಾಸು ಕೂಡಬೇಕು. ನಾವು ಕದ್ದುಮುಚ್ಚಿ ಏನು ಮಾಡಿದರೂ ಅವು ನೋಡುತ್ತಿರುತ್ತವೆ. ನಾನು ಸಾಲೆಯ ಪೇಪರು ತಿದ್ದುವಾಗ ತೂಕಡಿಸಿದ್ದು, ಹೆಂಡತಿಗೆ ತಿಳಿಯದಂತೆ ಉಂಡೆಯ ಡಬ್ಬಿಗೆ ಕೈ ಹಾಕಿದ್ದು, ಎಲ್ಲ ಅವಕ್ಕೆ ಗೊತ್ತು. ದೇವರಿಗೂ ಗೊತ್ತು ಎನ್ನುತ್ತಾರೆ. ಆದರೆ ದೇವರು ಪಡಸಾಲೆಯಲ್ಲಿ ಕುಳಿತು ಬಾಯಿ ತೆರೆಮುಚ್ಚಿ ಮಾಡುವುದಿಲ್ಲ.

ಮೀನು ಬಂದ ದಿನ ತೊಟ್ಟಿಯ ವ್ಯವಸ್ಥೆ ಮಾಡಿದ್ದು ನಾನೇ. ಮರಳನ್ನು ನೀರು ತಿಳಿಯಾಗುವವರೆಗೆ ತೊಳೆದು ಹಾಸಿದೆ. ಹೊಳೆಯ ಜೊಂಡಿನ ಎಳೆಗಳನ್ನು ಕಲ್ಲಿಗೆ ಕಟ್ಟಿ ನೆಟ್ಟೆ. ಬಿಸಿಲು ಬೀಳುವ ಕಿಟಕಿಯಿಂದ ದೂರ, ಬೆಳಕು ಮಾತ್ರ ಬರುವ ಮೂಲೆಯಲ್ಲಿಟ್ಟೆ. ಇಷ್ಟು ಮಾಡಿ ನೀರಿನ ಜವಾಬುದಾರಿಯನ್ನು ಅವ್ವನಿಗೆ ಬಿಟ್ಟು ಸಾಲೆಗೆ ಹೋದೆ. ಮನೆಯ ನೀರು ಯಾವಾಗಲೂ ಅವಳ ಕೈಯಲ್ಲೇ ಇತ್ತು.

ಸಾಲೆಯಿಂದ ಬಂದು ನೋಡುತ್ತೇನೆ, ಎಲ್ಲ ಮೀನುಗಳೂ ನೀರಿನ ಮೇಲ್ಮೈಗೆ ಬಾಯಿ ಹಚ್ಚಿ ಗಪಗಪ ಎನ್ನುತ್ತಿವೆ! ನನ್ನ ಕಾಲ ಕೆಳಗಿನ ನೆಲವೇ ಜಾರಿತು. ಅವ್ವ ಬಾಜೂ ನಿಂತು ಸಂತೋಷದಿಂದ ನೋಡುತ್ತಿದ್ದಳು.

"ನೋಡೋ, ಹೆಂಗ ಆಶೀರ್ವಾದ ಮಾಡಾಕತ್ಯಾವ. ನಾವು ಕುಡಿಯೂ ನೀರಽ ಹಾಕೇನಿ. ಸೋಸಿ, ಕಾಯಿಸಿ, ಆರಿಸಿ."

ಕುದಿಸಿದ ನೀರಿನಲ್ಲಿ ಗಾಳಿ ಉಳಿಯುವುದಿಲ್ಲ ಎಂಬ ಪಾಠವನ್ನು ನಾನು ಪ್ರತಿವರ್ಷ ಸಾಲೆಯಲ್ಲಿ ಮಾಡುತ್ತೇನೆ. ಹುಡುಗರು ತಪ್ಪು ಬರೆದರೆ ಕಿವಿಯನ್ನೂ ಹಿಂಡುತ್ತೇನೆ. ಅಂಥ ನಾನು, ಕುಡಿಯಲು ಕಾಯಿಸಿದ ನೀರನ್ನೇ ಬಳಸುವ ನನ್ನ ಸ್ವಂತ ತಾಯಿಯ ಕೈಗೆ ಮೀನು ಒಪ್ಪಿಸಿ, ಪಾಠ ಮಾಡಲು ಹೋಗಿದ್ದೆ! ತಂಬಿಗೆ ಹಿಡಿದು ಆ ನೀರನ್ನೇ ಎತ್ತರದಿಂದ ಸುರಿದೆ, ಮತ್ತೆ ತುಂಬಿ ಮತ್ತೆ ಸುರಿದೆ, ಪಡಸಾಲೆ ಕೆಸರಾಯಿತು. ಹೆಂಡತಿ ಬಾಗಿಲಲ್ಲಿ ನಿಂತು "ಅಭಿಷೇಕ ಯಾವ ದೇವರಿಗೆ ನಡದೈತ್ರಿ?" ಎಂದಳು. ನಾನು ಏದುಸಿರಿನಲ್ಲೇ ಇನ್ನೊಂದು ತಂಬಿಗೆ ಸುರಿದೆ. ಮೀನುಗಳಿಗೂ ನನಗೂ ಏಕಕಾಲಕ್ಕೆ ಉಸಿರು ಬಂತು. ವಿಷಯ ತಿಳಿದ ಅವ್ವ ಬಿಳಿಚಿಹೋದಳು. ಶುದ್ಧ ನೀರು ಕೊಟ್ಟು ಕೊಲ್ಲಲಿದ್ದೆನಲ್ಲ ಎಂದು ಮರುದಿನ ಬಸದಿಯಲ್ಲಿ ಬಹಳ ಹೊತ್ತು ಕುಳಿತು ಬಂದಳು.

ಅಲ್ಲಿಂದ ಮುಂದೆ ಹಸಿ ಬಾವಿ ನೀರು ಹಾಕಲು ಒಪ್ಪಿದಳು, ಆದರೆ ಸೋಸದೆ ಅಲ್ಲ. ನಮ್ಮ ಓಣಿಯ ಮಗ್ಗದಲ್ಲೇ ನೇಯ್ದ ದಪ್ಪ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಕೊಡದ ಬಾಯಿಗೆ ಕಟ್ಟಿ ನೀರು ಸುರಿಯಬೇಕು. ಬಟ್ಟೆಯಲ್ಲಿ ಉಳಿದ ಸೂಕ್ಷ್ಮ ಜೀವಗಳನ್ನು ಎಲ್ಲೆಂದರಲ್ಲಿ ಕೊಡವುವಂತಿಲ್ಲ. ಸೋಸಿದ ನೀರಿನಲ್ಲೇ ಬಟ್ಟೆಯನ್ನು ಮೆಲ್ಲಗೆ ಜಾಲಾಡಿಸಿ, ಆ ನೀರನ್ನು ಮತ್ತೆ ಅದೇ ಬಾವಿಗೆ, ಎತ್ತರದಿಂದ ಎಸೆಯದೆ, ಬಿಂದಿಗೆಯನ್ನು ಕೆಳಗಿಳಿಸಿ ಬಿಡಬೇಕು. ಬೇರೆ ಬಾವಿಗೂ ಬಿಡುವಂತಿಲ್ಲ. ಯಾರ ಮನೆಯ ಜೀವ ಅವರ ಮನೆಗೆ. ಅವ್ವ ಮದುವೆಯಾಗಿ ಬಂದ ದಿನದಿಂದ ಇದನ್ನು ಒಂದು ದಿನವೂ ತಪ್ಪಿಸಿದವಳಲ್ಲ. ಕಣ್ಣಿಗೆ ಕಾಣದ ಜೀವದ ಬಗ್ಗೆ ಇಷ್ಟು ಕಾಳಜಿ ಮಾಡುವ ಇನ್ನೊಂದು ಪದ್ಧತಿಯನ್ನು ನಾನು ಕಂಡಿಲ್ಲ, ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಆದರೆ ಮೀನುಗಳು ಸೊರಗತೊಡಗಿದವು. ಅನ್ನದ ಅಗುಳು ಹಾಕಿದರೆ ನೀರು ಹಾಲಿನಂತೆ ಕದಡಿತು; ಚುರುಮುರಿ ಹಾಕಿದರೆ ಹಡಗಿನಂತೆ ತೇಲಿತು. ಅವ್ವ ಹೊತ್ತು ಮುಳುಗುವ ಮೊದಲೇ ಉಣ್ಣಿಸಿಬಿಡುತ್ತಿದ್ದಳು; ರಾತ್ರಿಭೋಜನದ ದೋಷ ಅವಕ್ಕೂ ತಟ್ಟಬಾರದಲ್ಲ. ಅವು ಮೂಸಿ ನೋಡಿ ತಿರುಗಿ ಹೋಗುತ್ತಿದ್ದವು. ಬಾಲ ಜೋಲುಬಿತ್ತು, ನೀಲಿ ಗೆರೆ ಮಾಸಿತು. ಅವ್ವನ ಊಟವೂ ದಿನದಿನಕ್ಕೆ ಕಡಿಮೆಯಾಗುತ್ತ ಬಂತು. "ಹೊಳ್ಯಾಗ ಏನ ಉಣ್ಣತಿದ್ದೂವೋ ಏನೋ," ಎಂದು ಗಾಜಿಗೆ ಮುಖ ಹಚ್ಚಿ ಅವನ್ನೇ ಕೇಳುತ್ತಿದ್ದಳು.

ಆಮೇಲೆ ಒಮ್ಮೆಲೆ ಮೀನುಗಳು ಚೇತರಿಸಿಕೊಂಡವು. ಮೈ ತುಂಬಿತು, ಗೆರೆ ಮಿಂಚಿತು, ತೊಟ್ಟಿಯ ತುಂಬ ಓಡಾಟವೇ ಓಡಾಟ. ನಾನು ಇದನ್ನು ನನ್ನ ಜೊಂಡಿನ ಪ್ರತಾಪವೆಂದು ತಿಳಿದು ಸಾಲೆಯಲ್ಲಿ ಸಹ ಮಾಸ್ತರರಿಗೆ ಉಪದೇಶ ಕೊಟ್ಟೆ: ನೀರನ್ನು ಪೂರ್ತಿ ಬದಲಿಸಬೇಡಿರಿ, ಸ್ವಲ್ಪ ಸ್ವಲ್ಪ ತೆಗೆದು ಸ್ವಲ್ಪ ಸ್ವಲ್ಪ ಹಾಕಿರಿ, ಮೀನಿಗಿಂತ ಜಾಗ ಹೆಚ್ಚಿರಲಿ ಎಂದು. ಮಾತು ಸುಳ್ಳಲ್ಲ. ಆದರೆ ಒಂದು ಬೆಳಿಗ್ಗೆ ನಿಜ ಕಂಡಿತು. ಮಳೆಯಲ್ಲಿ ಅವ್ವನ ಮೊಣಕಾಲು ಹಿಡಿದುಕೊಂಡಿತ್ತು. ಬಾವಿಕಟ್ಟೆಯವರೆಗೆ ಮತ್ತೆ ಹೋಗಿ ಬಿಂದಿಗೆ ಇಳಿಸುವುದು ಅವಳಿಂದ ಆಗುತ್ತಿರಲಿಲ್ಲ. ಸೋಸಿದ ಬಟ್ಟೆಯನ್ನು ಅವಳು ತೊಟ್ಟಿಯ ನೀರಿನಲ್ಲಿ, ತೊಟ್ಟಿಲಲ್ಲಿ ಕೂಸು ಮಲಗಿಸಿದಷ್ಟು ಮೆಲ್ಲಗೆ ಜಾಲಾಡಿಸುತ್ತಿದ್ದಳು.

"ಇದೂ ಅದಽ ಬಾವಿ ನೀರಲ್ಲೇನೋ ತಮ್ಮಾ? ಇಲ್ಲೇ ಸುಖದಿಂದ ಇರಲಿ ಪಾಪ."

ಬಟ್ಟೆಯಿಂದ ಸಾಸಿವೆಗಿಂತ ಸಣ್ಣ ಜೀವಗಳು, ಕುಣಿಯುವ ಸೊಳ್ಳೆಯ ಮರಿಗಳು ನೀರಿಗಿಳಿದವು. ಮೀನುಗಳು ಸಾಲುಗಟ್ಟಿ ಬಂದವು. ನಾನು ನೋಡುತ್ತಿದ್ದಂತೆಯೇ ಎಲ್ಲವನ್ನೂ ನುಂಗಿದವು.

ಜೀವಮಾನವಿಡೀ ಇರುವೆಯನ್ನು ದಾಟಿ ನಡೆದ ನನ್ನ ತಾಯಿ ದಿನವೂ ಬೆಳಿಗ್ಗೆ ಸ್ನಾನ ಮಾಡಿ, ಮಂತ್ರ ಹೇಳುತ್ತ, ಪಂಕ್ತಿ ಬಡಿಸುತ್ತಿದ್ದಳು! ಅವಳ ಕಣ್ಣುಗಳು ಮಂಜಾಗಿದ್ದವು, ಅಷ್ಟು ಸಣ್ಣ ಜೀವಗಳು ಕಾಣುತ್ತಿರಲಿಲ್ಲ. ಹೇಳುವ ಧೈರ್ಯ ನನಗೂ ಬರಲಿಲ್ಲ. ಹೇಳಿದರೆ ಅನ್ನ ಬಿಡುತ್ತಾಳೆ. ಹೇಳದಿದ್ದರೆ ದಿನವೂ ಬಡಿಸುತ್ತಾಳೆ. ಬಟ್ಟೆ ನಾನೇ ಜಾಲಾಡಿಸಿ ಬಾವಿಗೆ ಬಿಡುತ್ತೇನೆಂದು ಕಸಿದುಕೊಳ್ಳಲು ಹೋದೆ. ನೀನು ಒಗೆತದ ಬಟ್ಟೆಯಂತೆ ಹಿಂಡಿಬಿಡುತ್ತೀ ಎಂದು ಕೊಡಲಿಲ್ಲ. ಆಮೇಲೆ ದಿನವೂ ಅವಳು ಬಟ್ಟೆ ಜಾಲಾಡಿಸುವ ಹೊತ್ತಿಗೆ ಸರಿಯಾಗಿ, ಅವಳ ಗಮನ ಮೀನುಗಳತ್ತ ಹೋಗದಿರಲೆಂದು, ನಾನು ತೊಟ್ಟಿಗೆ ಅಡ್ಡವಾಗಿ ನಿಂತು ಇಲ್ಲದ ಮಾತು ತೆಗೆಯತೊಡಗಿದೆ. ನಾನು ಆ ದಿನಗಳಲ್ಲಿ ತಾಯಿಯೊಡನೆ ಮಾತಾಡಿದಷ್ಟು ಹಿಂದೆ ಎಂದೂ ಮಾತಾಡಿರಲಿಲ್ಲ.

ಚಳಿಗಾಲ ಹತ್ತಿದ ಮೇಲೆ ಪರಶುರಾಮ ಬಂದ. ತೊಟ್ಟಿ ನೋಡಿ ಅವನ ಮುಖ ಅರಳಿತು. ನಾನು ಕಣ್ಣುಸನ್ನೆ ಮಾಡಿದೆ, ಕೆಮ್ಮಿದೆ, ಕಾಲು ತುಳಿದೆ. ಮೆಚ್ಚುಗೆಯ ಮಾತಾಡುವವನನ್ನು ತಡೆಯುವುದು ಬೈಯುವವನನ್ನು ತಡೆಯುವುದಕ್ಕಿಂತ ಕಷ್ಟ.

"ಶಾಬಾಸ್ ಕಾಕು! ನಮ್ಮ ಹೊಳ್ಯಾಗೂ ಇಷ್ಟ ಗುಂಡಗ ಆಗೂದಿಲ್ಲರಿ. ಗುಂಗಾಡದ ಮರಿ, ಅದಽ ಸೊಳ್ಳಿ ಮರಿ, ಚಲೋ ಸಿಗತಾವ ಕಾಣಸ್ತೈತಿ. ಇವಕ್ಕ ಹುಳಾನಽ ಜೀವಾರಿ. ನಮ್ಮಲ್ಲೆ ಚಳಿಜ್ವರ ಬರಬಾರದಂತ ಬಾವಿಗೆ ಇಂಥವನ್ನಽ ಬಿಡತೀವಿ."

ಅವ್ವ ಕೈಯಲ್ಲಿದ್ದ ಬಟ್ಟೆಯನ್ನು ನೋಡಿದಳು. ತೊಟ್ಟಿಯನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನಾನು ಗೋಡೆಯ ಕ್ಯಾಲೆಂಡರು ನೋಡಿದೆ.

"ಬಟ್ಟಿಯೊಳಗ ಹಿಡದು ಉಳಿಸಿದಾಕಿನೂ ನಾನಽ, ಒಯ್ದು ಬಾಯಾಗ ಹಾಕಿದಾಕಿನೂ ನಾನಽ," ಎಂದಳು, ಬಹಳ ಸಣ್ಣ ದನಿಯಲ್ಲಿ. ಮೀನು ಹೊಳೆ ಸೇರುವವರೆಗೆ ಅನ್ನವಿಲ್ಲ ಎಂದು ಕೈಸನ್ನೆಯಲ್ಲೇ ತಿಳಿಸಿದಳು. ಈ ವಯಸ್ಸಿನಲ್ಲಿ, ಈ ಮೊಣಕಾಲಿನಲ್ಲಿ ಉಪವಾಸ! ನನಗೆ ಅಳು ಬಂತು. ಪರಶುರಾಮನನ್ನು ಬೈಯಬೇಕೆಂದರೆ ಅವನೂ ಅಳುತ್ತಿದ್ದ.

ಮರುದಿನ ಖಾನಾಪುರಕ್ಕೆ ಹೊರಟೆವು. ತೊಟ್ಟಿಯ ನೀರನ್ನು ಅವ್ವ ನನ್ನ ಕೈಯಿಂದ ಬಾವಿಗೇ ಬಿಡಿಸಿದಳು. ಶಹಾಪುರದ ಜೀವಗಳನ್ನು ಮಲಪ್ರಭೆಗೆ ಒಯ್ಯುವಂತಿರಲಿಲ್ಲ. ಮೀನುಗಳು ಎರಡೆರಡು ಸಲ ಸೋಸಿದ ನೀರಿನ ಕೊಡದಲ್ಲಿ ಕುಳಿತವು. ಹೀಗಾಗಿ ಆ ರೈಲಿನಲ್ಲಿ ಅವ್ವನೂ ಮೀನುಗಳೂ ಒಂದೇ ವ್ರತದಲ್ಲಿದ್ದರು. ಹೆಂಡತಿ ಕಟ್ಟಿಕೊಟ್ಟ ರೊಟ್ಟಿಯ ಬುತ್ತಿ ನನ್ನ ಕೈಯಲ್ಲಿತ್ತು. ರೈಲು ತಡವಾಗಿ ಮುಟ್ಟಿತು. ಹೊಳೆಯ ದಂಡೆಗೆ ಇಳಿಯುವಾಗ ಸೂರ್ಯ ಮರಗಳ ತುದಿಗೆ ಬಂದಿದ್ದ. ಅವನು ಮುಳುಗಿದರೆ ಅವ್ವನಿಗೆ ಇನ್ನೊಂದು ರಾತ್ರಿ ಉಪವಾಸ. ಅವಳ ತುಟಿ ಒಣಗಿ ಬಿರಿದಿತ್ತು. ಪರಶುರಾಮ ಒಂದು ಕಡೆ, ನಾನು ಒಂದು ಕಡೆ ಹಿಡಿದು ಅವಳನ್ನು ನೀರಿನ ಅಂಚಿನ ಕಲ್ಲಿನ ಮೇಲೆ ಕೂಡಿಸಿದೆವು.

ಅವ್ವ ಕೊಡವನ್ನು ಬಾಗಿಸಿದಳು. ಮೀನುಗಳು ಒಂದೊಂದಾಗಿ ಹೊರಬಿದ್ದವು. ನಡುಹೊಳೆಗೆ ಓಡಿ ಕಣ್ಮರೆಯಾದರೆ ಸಾಕು ಎಂದು ನಾನು ಮನಸ್ಸಿನಲ್ಲೇ ಕೈಮುಗಿಯುತ್ತಿದ್ದೆ. ಅವು ಎಲ್ಲಿಗೂ ಓಡಲಿಲ್ಲ. ಅವ್ವನ ಪಾದದ ಹತ್ತಿರವೇ, ಗೇಣಾಳದ ತಿಳಿನೀರಿನಲ್ಲಿ, ಕುಣಿಯುತ್ತಿದ್ದ ಸೊಳ್ಳೆಮರಿಗಳ ಹಿಂಡಿಗೆ ನುಗ್ಗಿದವು. ಅಷ್ಟು ದೊಡ್ಡ ಹಿಂಡು, ಬಯಲಿನ ಬೆಳಕಿನಲ್ಲಿ ಮಂಜುಗಣ್ಣಿಗೂ ಕಾಣುತ್ತಿತ್ತು. ಅವ್ವ ಬಗ್ಗಿ ನೋಡಿದಳು, ನೋಡುತ್ತಲೇ ಇದ್ದಳು. ಮುಗಿಯಿತು ಎಂದುಕೊಂಡೆ. ಈ ಪಾಪಕ್ಕೆ ಇನ್ನೆಷ್ಟು ದಿನ ಅನ್ನ ಬಿಡುತ್ತಾಳೋ ಎಂದು ಬೆರಳೆಣಿಸತೊಡಗಿದೆ. ಒಂದು ಸಣ್ಣ ಮೀನು ಹೊಟ್ಟೆ ತುಂಬಿದ್ದಕ್ಕೋ ಏನೋ, ಅವಳ ಹೆಬ್ಬೆರಳನ್ನು ಸುತ್ತಿ ಹೋಯಿತು.

"ಎಷ್ಟ ಹಸದಿದ್ದೂವೋ," ಎಂದಳು ಅವ್ವ. ಸೂರ್ಯನ ಕಡೆ ಒಮ್ಮೆ ನೋಡಿ ಸೆರಗಿನಿಂದ ಮುಖ ಒರೆಸಿಕೊಂಡಳು. "ಬುತ್ತಿ ಬಿಚ್ಚು ತಮ್ಮಾ. ನನಗೂ ಹಸಿವಾಗೇತಿ."

ಅವಳ ವ್ರತಗಳನ್ನೆಲ್ಲ ಹುಟ್ಟಿದಾರಭ್ಯ ಕಂಡ ನಾನು, ಅವಳ ಬಾಯಿಂದ ಹಸಿವಿನ ಮಾತು ಕೇಳಿದ್ದು ಅದೇ ಮೊದಲು. ಆ ವರ್ಷದ ಆಘಾತಗಳಲ್ಲೆಲ್ಲ ಇದೇ ದೊಡ್ಡದು. ಬುತ್ತಿಯ ಗಂಟು ಹಿಡಿದುಕೊಂಡೇ ನಿಂತುಬಿಟ್ಟಿದ್ದೆ. ಅವ್ವ ಗಂಟನ್ನು ಕಸಿದು ತಾನೇ ಬಿಚ್ಚಿದಳು. ರೊಟ್ಟಿ ಮುರಿದು ಅರ್ಧ ನನ್ನ ಕಡೆ ಚಾಚಿದಳು.

"ಕಾಯಿಸಿದ ನೀರಾಗಿನ ಮೀನಿನಂಗ ಬಾಯಿ ತಕ್ಕೊಂಡು ಏನ ನಿಂತಿ? ಹೊತ್ತು ಮುಳಗತೈತಿ. ಕುಂದರು, ನೀನೂ ಉಣ್ಣು."