ಮಾಳಿಗೆಯ ಮೇಲಿನ ಹವಾಮಾನ ವರದಿ

ತೊಂಬತ್ತರ ದಶಕದ ಆರಂಭ. ಸರಕು ಹಡಗೊಂದರಲ್ಲಿ ಸೆಕೆಂಡ್ ಆಫೀಸರ್ ಆಗಿದ್ದ ನಾನು ರಜೆಗೆಂದು ಕಾಗವಾಡದ ಕಾಕಾನ ಮನೆಗೆ ಬಂದಿದ್ದೆ. ಬಂದ ಮರುದಿನ ಸಂಜೆ ಹಿಂಪಡಸಾಲೆಯಲ್ಲಿ ನಾನು ಊಟಕ್ಕೆ ಕೂತಿದ್ದೆ, ಪದ್ಮವ್ವ ಕಾಕಿ ಬಡಿಸುತ್ತಿದ್ದರು. ಪಾಯಪ್ಪ ಕಾಕಾ ಆಗಲೇ ಉಂಡು, ನೆರೆಯ ಶಿವಗೌಡರ ಜೊತೆ ಅಂಗಳದಾಚೆಯ ಶೆಡ್ಡಿನಲ್ಲಿದ್ದರು. ಗಡಿಯಾರ ಐದೂವರೆ ತೋರಿಸಿತು. ನಾನು ತಾಟಿನ ಮುಂದಿನಿಂದ ಎದ್ದು, ಕೈ ತೊಳೆದು, ಮಾಳಿಗೆ ಹತ್ತಿ ಆಕಾಶ ನೋಡಿ ಬಂದೆ. ಪಜೀತಿ ಶುರುವಾದದ್ದು ಅಲ್ಲಿಂದ.

ನಮ್ಮ ಹಡಗು ಹವಾಮಾನ ಇಲಾಖೆಗೆ ಸ್ವಂತ ಖುಷಿಯಿಂದ ವರದಿ ಕಳಿಸುವ ಹಡಗುಗಳಲ್ಲೊಂದು. ನಡುಗಡಲಿನಲ್ಲಿ ಕಚೇರಿ ಕಟ್ಟಲು ಬರುವುದಿಲ್ಲವಲ್ಲ, ಹಾದುಹೋಗುವವರೇ ನೋಡಿ ಹೇಳಬೇಕು. ಆರು ತಾಸಿಗೊಮ್ಮೆ ಬ್ಯಾರೋಮೀಟರ್ ನೋಡಬೇಕು. ಗಾಳಿ, ಮೋಡ, ಅಲೆಗಳನ್ನು ಅಂದಾಜಿಸಬೇಕು. ಬಕೆಟ್ ಇಳಿಬಿಟ್ಟು ಕಡಲ ನೀರೆಳೆದು ಥರ್ಮಾಮೀಟರ್ ಅದ್ದಬೇಕು. ಎಲ್ಲವನ್ನೂ ಅಂಕಿಗಳ ಕೋಡ್ ಮಾಡಿ ರೇಡಿಯೊ ಆಫೀಸರ್ ಕೈಗೆ ಕೊಡಬೇಕು. ಹಡಗು ಯಾವ ಅಕ್ಷಾಂಶ, ಯಾವ ರೇಖಾಂಶದಲ್ಲಿದೆ ಎಂಬುದು ಅದರಲ್ಲಿ ಇರಲೇಬೇಕು. ಅದನ್ನು ಬಿಟ್ಟು ಬಿರುಗಾಳಿಯನ್ನೇ ವರ್ಣಿಸಿದರೂ ದಡದವರಿಗೆ ಉಪಯೋಗವಿಲ್ಲ.

ವರದಿಯ ಹೊತ್ತು ಗ್ರೀನಿಚ್ ಗಡಿಯಾರದ್ದು. ಅಲ್ಲಿಯ ಮಧ್ಯಾಹ್ನ ಹನ್ನೆರಡು ನಮ್ಮಲ್ಲಿ ಸಂಜೆ ಐದೂವರೆ. ನಮ್ಮ ಜೈನರ ಮನೆಗಳಲ್ಲಿ ಅದೇ ಊಟದ ಹೊತ್ತು. ಸೂರ್ಯ ಮುಳುಗಿದ ಮೇಲೆ ತುತ್ತಿಲ್ಲ. ಆದರೆ ಕಡಲಿನ ರೂಢಿ ನನ್ನನ್ನು ರಜೆಯಲ್ಲೂ ಬಿಡಲಿಲ್ಲ.

ಆ ವರ್ಷದ ದ್ರಾಕ್ಷಿಯೆಲ್ಲ ಮಣೂಕ ಎಂಬ ಒಣದ್ರಾಕ್ಷಿಯಾಗಲು ಕಾಕಾನ ಶೆಡ್ಡಿನ ಜಾಳಿಗೆಗಳ ಮೇಲೆ ಒಣಗುತ್ತಿತ್ತು. ಮಳೆಯ ಇರಚಲು ಬಡಿದರೆ ಮಾಲು ಕೊಳೆಯುತ್ತದೆ. ಹೆದರಿ ಸುತ್ತಲೂ ತಾಡಪತ್ರಿ ಇಳಿಬಿಟ್ಟರೆ ಗಾಳಿಯಾಡದೆ ಕಪ್ಪಾಗುತ್ತದೆ. ಶೆಡ್ಡಿನ ಮೂಡಣಕ್ಕೆ ಎತ್ತರದ ಕಬ್ಬು ನಿಂತು, ಆ ಕಡೆಯ ಆಕಾಶ ಕಾಣುತ್ತಿರಲಿಲ್ಲ. ಮಾಳಿಗೆಯ ಮೇಲಿನ ನಾನು ಮಾತ್ರ ಸ್ಪಷ್ಟವಾಗಿ ಕಾಣುತ್ತಿದ್ದೆ.

“ಉಣ್ಣಾಂವ ತಾಟ ಬಿಟ್ಟು ಎದ್ದಾನಂದ್ರ ಸಣ್ಣ ಮಾತಲ್ಲ. ತಾಡಪತ್ರಿ ಬಿಡ್ರಿ!” ಎಂದು ಆ ಮೊದಲ ಸಂಜೆ ಕಾಕಾ ಶೆಡ್ಡಿನಿಂದ ಕೂಗಿದರು. ಅವರನ್ನು ನೋಡಿ ಶಿವಗೌಡರು ತಮ್ಮ ಶೆಡ್ಡು ಮುಚ್ಚಿದರು, ಶಿವಗೌಡರನ್ನು ನೋಡಿ ಅಕ್ಕಪಕ್ಕದ ಶೆಡ್ಡುಗಳ ಸಾಲಿನವರೆಲ್ಲ ಮುಚ್ಚಿದರು. ಒಂದು ಹನಿ ಬೀಳಲಿಲ್ಲ. ಮರುದಿನವೂ ಅದೇ ಕಥೆ. ಅದರ ಮರುದಿನ ಕಾಕಾ ನನ್ನನ್ನು ಹಿಡಿದು ನಿಲ್ಲಿಸಿದರು.

“ಏನಲೇ ಬಾಬು, ದಿನಾ ಮಾಳಿಗಿ ಹತ್ತತಿ, ಮಳಿ ಎಲ್ಲೈತಿ?”

“ಮಳಿ ಬರತೈತಿ ಅಂತ ನಾ ಯಾವಾಗ ಅಂದೆ ಕಾಕಾ? ಮುಂದಿಂದು ಹೇಳೂದು ನನ್ನ ಕೆಲಸ ಅಲ್ರಿ. ಈಗ ಹೆಂಗೈತಿ, ಅಷ್ಟ ನೋಡ್ತೀನಿ.”

“ಈಗ ಹೆಂಗೈತಿ ಅನ್ನೂದು ನಮ್ಮ ಎಮ್ಮಿಗೂ ಕಾಣತೈತಿ! ಅದಕ್ಕ ಪಗಾರ ಬ್ಯಾರೆ ಕೊಡ್ತಾರೇನು?”

“ಇಲ್ರಿ, ಅದು ಪುಕ್ಕಟೆ.”

ಶಿವಗೌಡರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಪಾಯಪ್ಪಾ, ಪುಕ್ಕಟೆ ಮುಗಿಲ ನೋಡಾಕ ಹುಡುಗನ್ನ ಮುಂಬೈತನಕ ಕಳಿಸಿ ಓದಿಸಿದೆಲ್ಲೋ!”

ಕಾಕಾ ಅಪ್ಪಣೆ ಹೊರಡಿಸಿದರು: “ಇನ್ನ ಮಳಿ ಕಂಡ್ರ ಅಷ್ಟ ಮಾಳಿಗಿ ಹತ್ತು.”

“ಹತ್ತದ ಹೆಂಗ ಕಾಣತೈತ್ರಿ?”

“ಅದು ನಿನ್ನ ಕೆಲಸ!”

ಒಂದೆರಡು ದಿನ ಕಷ್ಟಪಟ್ಟು ಕೂತೇ ಉಂಡೆ. ಒಂದು ಸಂಜೆ ಕಾಕಿ ಹೋಳಿಗೆ ಮಾಡಿದ್ದರು. “ಇವತ್ತೇನರ ನಡುವ ಎದ್ದಿ ಅಂದ್ರ, ನಾಳೆ ಲಟ್ಟಣಿಗಿ ನೀನ ಹಿಡಿ” ಎಂದು ಎದುರಿಗೇ ಕಾವಲು ಕೂತರು. ಎರಡನೆಯ ಹೋಳಿಗೆ ಕೈಗೆತ್ತಿಕೊಂಡಾಗ ಹಿತ್ತಲ ಬಾಗಿಲು ಧಡಾರನೆ ಬಡಿಯಿತು. ಸೆಖೆಯ ನಡುವೆ ಮೂಡಣದಿಂದ ತಣ್ಣನೆಯ ಗಾಳಿ ನುಗ್ಗಿತು. ಕಡಲಿನಲ್ಲಿ ಆ ಗಾಳಿಯ ಪರಿಚಯ ನನಗಿತ್ತು: ಮಳೆಮೋಡ ಮೈಮೇಲೆ ಬಂದಿದೆ. ಬಾಗಿಲಿಗೆ ಓಡಿ ಕೂಗಿದೆ: “ಕಾಕಾ, ತಾಡಪತ್ರಿ!”

ಶೆಡ್ಡಿನಲ್ಲಿದ್ದ ಕಾಕಾ ತಲೆಯೆತ್ತಿ ನೋಡಿದ್ದು ನನ್ನನ್ನಲ್ಲ, ಮಾಳಿಗೆಯನ್ನು. ಅಲ್ಲಿ ಯಾರೂ ಇರಲಿಲ್ಲ.

“ಸುಮ್ಮನ ಉಣ್ಣು ಹೋಗಲೇ! ಮಾಳಿಗಿ ಮ್ಯಾಲ ನಿಂತಾಗ ಬರಲಾರದ ಮಳಿ, ಬಾಗಲದಾಗ ನಿಂತ್ರ ಬರತೈತೇನು?”

ವಾದಕ್ಕೆ ಹೊತ್ತಿರಲಿಲ್ಲ. ಎಂಜಲು ಕೈಯಲ್ಲೇ ಮೆಟ್ಟಿಲು ಹತ್ತಿದೆ. ಕಬ್ಬಿನ ಗರಿಗಳ ಆಚೆ ಮೋಡ ಕರಿಗೋಡೆಯಾಗಿ ನಿಂತಿತ್ತು. ನಾನು ಬಾಯಿ ತೆರೆಯುವ ಮೊದಲೇ ಕೆಳಗಿನಿಂದ ಶಿವಗೌಡರು ಕಿರುಚಿದರು:

“ಪಾಯಪ್ಪಾ, ಹತ್ತಿದ್ನೋ! ಕೈಯಾಗ ಹೋಳಿಗಿ ಹಿಡಕೊಂಡ ಹತ್ಯಾನ!”

ಅಷ್ಟೇ ಸಾಕಾಯಿತು. ಸಾಲಿನ ಶೆಡ್ಡುಗಳ ತಾಡಪತ್ರಿಗಳೆಲ್ಲ ಒಟ್ಟಿಗೆ ಇಳಿದವು. ಕಾಕಾ ಕೊನೆಯ ಹಗ್ಗ ಬಿಗಿಯುತ್ತಿದ್ದಂತೆ ಆಲಿಕಲ್ಲು ಸಮೇತ ಮಳೆ ಸುರಿಯಿತು. ಒಳಗಿನ ಮಾಲಿಗೆ ಹನಿ ತಾಗಲಿಲ್ಲ. ಇಳಿದು ಓಡಿದ ನಾನೂ ಮಳೆ ನಿಲ್ಲುವತನಕ, ತಾಸು ಹೊತ್ತು, ಶೆಡ್ಡಿನಲ್ಲೇ ಉಳಿದೆ.

ತೊಯ್ದು ತೊಪ್ಪೆಯಾಗಿ ಮನೆಗೆ ಬಂದ ಕಾಕಾ ನನ್ನ ಮೇಲೆಯೇ ರೇಗಿದರು: “ಲಗೂನ ಹತ್ತಾಕ ಏನಾಗಿತ್ತಲೇ ನಿನಗ?”

ನಾನು ಕೈ ತೊಳೆದು ತಾಟಿನ ಕಡೆ ಹೋದೆ. ಅಷ್ಟರಲ್ಲಿ ಹೊತ್ತು ಮುಳುಗಿತ್ತು. ಕಾಕಿ ತಾಟು ಎತ್ತಿಬಿಟ್ಟಿದ್ದರು.

ವರದಿ ಎಷ್ಟೇ ಖರೆ ಇರಲಿ, ಎಲ್ಲಿ ನಿಂತು ಹೇಳುತ್ತಿದ್ದೇವೆ ಎಂಬುದು ಕೇಳುವವರಿಗೆ ಮೊದಲು ಬೇಕು. ಹಡಗಿನ ಕೋಡಿನಲ್ಲಿ ಅದನ್ನು ವರ್ಷಗಟ್ಟಲೆ ಬರೆದಿದ್ದೆ. ತಿಳಿದದ್ದು ಆ ಸಂಜೆ, ಅರೆಹೊಟ್ಟೆಯಲ್ಲಿ.

ಮುಂದಿನ ವರ್ಷದ ದ್ರಾಕ್ಷಿ ಸುಗ್ಗಿಗೆ ಮತ್ತೆ ಬಂದೆ. ಐದೂವರೆಗೆ ನಾನು ಹೊಟ್ಟೆ ತುಂಬಿಯೇ ಮಾಳಿಗೆ ಹತ್ತಲೆಂದು ಕಾಕಿ ಮನೆಯ ಊಟವನ್ನು ಐದು ಗಂಟೆಗೆ ಸರಿಸಿದ್ದರು.