ಅಮ್ಮ ಬರಿಗಾಲಲ್ಲಿ ಓಡಿದಳಂತೆ

ರಕ್ತ ಪರೀಕ್ಷೆಯ ಲ್ಯಾಬೊಂದರ ಕೌಂಟರಿನಲ್ಲಿ ಆಕೆಗೆ ಕೆಲಸ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಸಿಡಿಮಿಡಿ ಎನ್ನುತ್ತಾ ಬರುವವರಿಗೆ ಚೀಟಿ ಕೊಟ್ಟು ಕೂರಿಸಬೇಕು, ಸಂಜೆ ರಿಪೋರ್ಟಿನ ಕವರು ಕೊಟ್ಟು ಕಳಿಸಬೇಕು. ಕವರು ಕೈಗೆ ಬಂದ ಕೂಡಲೇ ಎಲ್ಲರೂ ಕೇಳುವುದು ಒಂದೇ: “ಏನೂ ತೊಂದರೆ ಇಲ್ಲ ತಾನೇ?” ಅದಕ್ಕೆ ಆಕೆಯದೂ ಒಂದೇ ಉತ್ತರ: “ಡಾಕ್ಟರಿಗೆ ತೋರಿಸಿ.” ದಿನವಿಡೀ ಹೀಗೆ ನುಂಗಿಕೊಂಡ ಮಾತನ್ನೆಲ್ಲ ಆಕೆ ಮನೆಗೆ ಬಂದು ಬ್ಲಾಗಿನಲ್ಲಿ ಬರೆಯುತ್ತಿದ್ದಳು.

ಬ್ಲಾಗಿನ ಹೆಸರು ‘ಕಿಟಕಿ ಪಕ್ಕದ ಸೀಟು’. ಬಸ್ಸಿನಲ್ಲಿ ಕಂಡ ಜಗಳ, ಹೇಳದೆ ಕೇಳದೆ ಅಪ್‌ಡೇಟ್ ಆಗಿ ಗುಂಡಿಗಳನ್ನೆಲ್ಲ ಎಲ್ಲೋ ಬಚ್ಚಿಟ್ಟ ಫೋನು, ಲ್ಯಾಬಿನ ಟಿವಿಯಲ್ಲಿ ಸದ್ದಿಲ್ಲದೆ ಬಾಯಿ ಬಡಿದುಕೊಳ್ಳುವ ಸುದ್ದಿಯವರು, ಆ ಟಿವಿಯ ಕೆಳಗೆ ತಮ್ಮ ಸರದಿಗಾಗಿ ಕಾಯುತ್ತಾ ತೂಕಡಿಸುವ ಸಕ್ಕರೆ ಕಾಯಿಲೆಯವರು, ಇಂಥದ್ದೇ. ಬರವಣಿಗೆ ಖಾರ. ಓದುವವರು ಬೆರಳೆಣಿಕೆಯಷ್ಟು ಜನ, ಆದರೆ ತಪ್ಪದೆ ಓದುವವರು. ಅವರ ಬಾಯಲ್ಲಿ ಆಕೆ ಕಿಟಕಿಯಕ್ಕ ಆಗಿದ್ದಳು.

ಮನೆಯಲ್ಲಿದ್ದದ್ದು ಆಕೆ ಮತ್ತು ಅಮ್ಮ. ಅಮ್ಮನ ಮಟ್ಟಿಗೆ ಈ ಬರೆಯುವುದೆಲ್ಲ ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. “ಮನೆ ಮಾತು ಬೀದಿಗೆ ಹಾಕಬೇಡ, ಅಷ್ಟೇ ನಾನು ಹೇಳೋದು” ಎನ್ನುತ್ತಿದ್ದಳು. ಆಕೆ ಹಾಕಿದ್ದು ಒಂದೇ ಒಂದು ಸಲ. ಕಣ್ಣು ಮಂಜಾದ ಅಮ್ಮನಿಗೆ ಅದು ತಿಳಿಯಲೇ ಇಲ್ಲ.

ಒಮ್ಮೆ ಒಂದು ಸುದ್ದಿತಾಣದ ಸಂಪಾದಕ ಫೋನ್ ಮಾಡಿದ. ಸಕ್ಕರೆ ಸುರಿದಂಥ ಮಾತು. “ನಿಮ್ಮ ಶೈಲಿ ಯಾರಿಗೂ ಬರಲ್ಲ ಮೇಡಂ. ನಮಗೆ ವಾರಕ್ಕೊಂದು ಅಂಕಣ ಬರೀರಿ. ಹಳೇ ಬರಹಗಳನ್ನೂ ನಾವೇ ಹಾಕ್ತೀವಿ.” ಸಂಭಾವನೆಯೂ ಇತ್ತು. ಒಪ್ಪಂದ ಫೋನಿಗೇ ಬಂತು. ತುಂಬಿದ ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದು ಕೈಯ ಹೆಬ್ಬೆರಳಲ್ಲಿ ಪುಟಗಳನ್ನು ಸರಸರ ಸರಿಸಿ, ‘ಒಪ್ಪಿದೆ’ ಎಂದು ಒತ್ತಿದಳು. ಓದದೆ ಒತ್ತುವ ಜನರನ್ನು ಗೇಲಿ ಮಾಡಿ ಹಿಂದೊಮ್ಮೆ ತಾನೇ ಬರೆದಿದ್ದಳು.

ಕೆಲವು ತಿಂಗಳು ಎಲ್ಲ ಚೆನ್ನಾಗಿ ನಡೆಯಿತು. ಆಮೇಲೊಂದು ದಿನ ಸಂಪಾದಕ, “ಸ್ವಲ್ಪ ದಿನ ರೆಸ್ಟ್ ತಗೊಳ್ಳಿ ಮೇಡಂ, ನಾವು ಹೇಳ್ತೀವಿ” ಎಂದ. ಅದರ ಮುಂದಿನ ವಾರವೂ ಅಂಕಣ ಬಂತು. ಆಕೆಯದೇ ಫೋಟೋ, ಕೆಳಗೆ ಕಿಟಕಿಯಕ್ಕ ಎಂಬ ಆಕೆಯದೇ ಹೆಸರು. ಬಸ್ಸಿನಲ್ಲಿ ಯಾರೋ ಮರೆತುಹೋದ ಕೊಡೆಯ ಕಥೆ. ಮಾತಿನ ಓಟ, ನಡುವೆ ನಿಲ್ಲಿಸಿ ಚುಚ್ಚುವ ಅಭ್ಯಾಸ ಎಲ್ಲವೂ ಆಕೆಯದೇ, ಆದರೆ ಯಾರೋ ಹಲ್ಲುಗಳನ್ನೆಲ್ಲ ಕಿತ್ತು ಬಾಯಿ ಮಾತ್ರ ಉಳಿಸಿದ ಹಾಗಿತ್ತು. ಅಂಥ ಕೊಡೆಯನ್ನು ಆಕೆ ಎಂದೂ ಕಂಡಿರಲಿಲ್ಲ.

ಮರುದಿನ ಲ್ಯಾಬಿನಲ್ಲಿ ರಕ್ತ ತೆಗೆಯುವಾಕೆ ಓಡಿ ಬಂದಳು. “ಅಕ್ಕಾ, ಕೊಡೆದು ಎಷ್ಟು ಚೆನ್ನಾಗಿತ್ತು! ಮುಂಚೆ ನೀವು ಬರೆದಿದ್ದರಲ್ಲಿ ಸ್ವಲ್ಪ ಕಹಿ ಇರ್ತಿತ್ತು.”

“ಅದು ನಾನು ಬರೆದಿದ್ದಲ್ಲ.”

“ಹೋಗಿ ಅಕ್ಕಾ, ನಿಮ್ಮದೊಂದು ತಮಾಷೆ!”

ಸಂಪಾದಕನಿಗೆ ಫೋನ್ ಮಾಡಿದರೆ ಅವನು ಮುಚ್ಚಿಡಲೂ ಇಲ್ಲ. “ಕಂಪ್ಯೂಟರ್ ಬರೆಯುತ್ತೆ ಮೇಡಂ. ನಿಮ್ಮ ಹಳೇ ಬರಹಗಳನ್ನೆಲ್ಲ ಅದಕ್ಕೆ ಉಣಿಸಿದ್ದೀವಿ. ನೀವು ಕಷ್ಟಪಡೋದು ಬೇಡ, ದುಡ್ಡು ಕೂತಲ್ಲಿಗೇ ಬರುತ್ತೆ.”

“ನನ್ನನ್ನ ಒಂದು ಮಾತು ಕೇಳಬೇಕಿತ್ತು.”

“ಕೇಳಿದ್ವಲ್ಲ. ನೀವು ‘ಒಪ್ಪಿದೆ’ ಅಂದ್ರಲ್ಲ.”

ಆಕೆ ಜಗಳಕ್ಕೆ ನಿಲ್ಲಲಿಲ್ಲ. ಮನೆ ಬಾಡಿಗೆ ಏರಿತ್ತು, ಅಮ್ಮನ ಕಣ್ಣಿನ ಆಪರೇಶನ್ ಇನ್ನೂ ಬಾಕಿ ಇತ್ತು. ತನ್ನ ಹೆಸರಿನ ಅಂಕಣವನ್ನು ಓದುವುದನ್ನೇ ಬಿಟ್ಟುಬಿಟ್ಟಳು.

ಒಂದು ಸಂಜೆ ಮನೆಗೆ ಬಂದರೆ ಅಮ್ಮ ಮಂಚದ ಮೇಲೆ ಕೂತು ಅಳುತ್ತಿದ್ದಾಳೆ. ಪಕ್ಕದಲ್ಲಿ ಕೆಳಮನೆಯಾಕೆ, ಕೈಯಲ್ಲಿ ಫೋನು. ಆಕೆ ಚೀಲವನ್ನು ಬಾಗಿಲಲ್ಲೇ ಬಿಟ್ಟು, “ಏನಾಯ್ತು?” ಎಂದಳು.

“ಏನೂ ಆಗಿಲ್ಲಮ್ಮಾ,” ಎಂದಳು ಕೆಳಮನೆಯಾಕೆ. “ನೀನು ಬರೆದಿದ್ದನ್ನ ಓದಿ ಹೇಳಿದೆ. ಚಿಕ್ಕವಳಿದ್ದಾಗ ಬಿದ್ದು ಕೈ ಮುರಿದುಕೊಂಡಿದ್ದೆಯಂತೆ, ಅಮ್ಮ ಸೊಂಟದ ಮೇಲೆ ಎತ್ತಿಕೊಂಡು ಬರಿಗಾಲಲ್ಲಿ ಆಸ್ಪತ್ರೆಗೆ ಓಡಿದರಂತೆ. ನನಗೂ ಅಳು ತಡೆಯೋಕೆ ಆಗಲಿಲ್ಲ.”

ಅಮ್ಮ ಮಗಳ ಕೈ ಹಿಡಿದುಕೊಂಡಳು. ಹಿಂದೆ ಎಂದಾದರೂ ಹಾಗೆ ಹಿಡಿದುಕೊಂಡದ್ದು ಆಕೆಗೆ ನೆನಪೇ ಇರಲಿಲ್ಲ. “ಹೌದು ಕಣೇ,” ಎಂದಳು ಅಮ್ಮ, “ಚಪ್ಪಲಿ ಹಾಕ್ಕೊಳ್ಳೋಕೂ ಪುರುಸೊತ್ತು ಇರಲಿಲ್ಲ.”

ನಡೆದದ್ದೇ ಬೇರೆ. ಎಂಟು ವರ್ಷದ ಹುಡುಗಿ ಮೆಟ್ಟಿಲಿನಿಂದ ಬಿದ್ದಾಗ ಅಮ್ಮ, “ಕೆಲಸ ತಪ್ಪಿಸಿಕೊಳ್ಳೋಕೆ ನಾಟಕ” ಎಂದಿದ್ದಳು. ಊದಿದ ಕೈಯಲ್ಲೇ ಪಾತ್ರೆ ತೊಳೆಸಿದ್ದಳು. ಕೊನೆಗೆ ಶಾಲೆಯ ಟೀಚರ್ ನೋಡಿ ಆಸ್ಪತ್ರೆಗೆ ಕರೆದುಕೊಂಡು ಹೋಗುವಷ್ಟರಲ್ಲಿ ಮೂಳೆ ಸೊಟ್ಟಗೇ ಕೂಡಿಕೊಂಡಿತ್ತು. ಇಂದಿಗೂ ಆಕೆಯ ಎಡಗೈ ಮಣಿಕಟ್ಟು ಪೂರ್ತಿ ತಿರುಗುವುದಿಲ್ಲ. ಬ್ಲಾಗಿನಲ್ಲಿ ಆಕೆ ಮನೆ ಮಾತು ಬೀದಿಗೆ ಹಾಕಿದ್ದ ಆ ಒಂದು ಸಲ ಬರೆದದ್ದು ಇದನ್ನೇ.

ಮರುದಿನ ರಜೆ ಹಾಕಿ ಸುದ್ದಿತಾಣದ ಆಫೀಸಿಗೆ ಹೋದಳು. ಬಟ್ಟೆ ಅಂಗಡಿಯ ಮೇಲಿನ ಒಂದು ಕೋಣೆ, ನಾಲ್ಕು ಮೇಜು, ಗೋಡೆಯ ಮೇಲೆ ದೊಡ್ಡ ಪರದೆ. ಯಾವ ಬರಹವನ್ನು ಎಷ್ಟು ಜನ ಓದುತ್ತಿದ್ದಾರೆಂದು ಅದರಲ್ಲಿ ಅಂಕಿಗಳು ಏರುತ್ತಿದ್ದವು. ಎಲ್ಲಕ್ಕಿಂತ ಮೇಲೆ ಬರಿಗಾಲಿನ ಅಮ್ಮ.

“ಅದು ಸುಳ್ಳು,” ಎಂದಳು. “ನನ್ನಮ್ಮ ಓಡಲಿಲ್ಲ. ನಾಟಕ ಅಂತ ಬೈದು ಪಾತ್ರೆ ತೊಳೆಸಿದಳು. ನಾನು ಬರೆದಿದ್ದು ಅದನ್ನ.”

ಸಂಪಾದಕ ಆಕೆಗಿಂತ ಚಿಕ್ಕವನು, ವಿನಯದವನು. ಕುರ್ಚಿ ಎಳೆದು ಕೂರಿಸಿ, ನೀರು ಕೊಟ್ಟ. “ಸ್ವಲ್ಪ ಮೆತ್ತಗೆ ಬರಿ ಅಂತ ಕಂಪ್ಯೂಟರಿಗೆ ಹೇಳಿದ್ವಿ ಮೇಡಂ. ಓದುಗರಿಗೆ ಕೆಟ್ಟ ಅಮ್ಮ ಹಿಡಿಸಲ್ಲ.”

“ನನಗೂ ಹಿಡಿಸಿರಲಿಲ್ಲ,” ಎಂದಳು ಆಕೆ.

ಅವನು ನಗಬೇಕೋ ಬೇಡವೋ ತಿಳಿಯದೆ ಪರದೆಯ ಕಡೆ ನೋಡಿದ. ಅಂಕಣದಿಂದ ನನ್ನ ಫೋಟೋ ತೆಗೆದುಹಾಕಿ ಎಂದಾಗ ಕೂತಲ್ಲೇ ತೆಗೆದುಹಾಕಿದ. ಆ ಜಾಗಕ್ಕೆ ಕಂಪ್ಯೂಟರೇ ಮಾಡಿದ, ಕನ್ನಡಕ ಹಾಕಿದ ಒಬ್ಬ ಹೆಂಗಸಿನ ಚಿತ್ರ ಬಂತು, ನೋಡಲು ಆಕೆಗಿಂತ ಲಕ್ಷಣವಾಗಿಯೇ ಇದ್ದಳು. ಕಿಟಕಿಯಕ್ಕ ಎಂಬ ಹೆಸರು ಮಾತ್ರ ಒಪ್ಪಂದದ ಪ್ರಕಾರ ಅವರದು. ಸಂಭಾವನೆ ಅಂದಿಗೇ ನಿಂತಿತು.

ಆಕೆ ತನ್ನ ಬ್ಲಾಗಿನಲ್ಲಿ ನಡೆದದ್ದನ್ನೆಲ್ಲ ಮತ್ತೆ ಬರೆದಳು. ಮೆಟ್ಟಿಲು, ಪಾತ್ರೆ, ಟೀಚರ್, ಒಂದನ್ನೂ ಬಿಡಲಿಲ್ಲ. ಕೆಳಗೆ ಒಬ್ಬ ಓದುಗ ಬರೆದ: “ಹೆತ್ತ ತಾಯಿ ಬಗ್ಗೆ ಹೀಗೆ ಬರೆಯೋಕೆ ನಾಚಿಕೆ ಆಗಲ್ವಾ? ಕಿಟಕಿಯಕ್ಕನನ್ನ ನೋಡಿ ಕಲೀರಿ.” ಇನ್ನೊಬ್ಬರಿಗೆ, ಈಕೆ ಯಾರೋ ಕಿಟಕಿಯಕ್ಕನ ಶೈಲಿ ಕದ್ದಿದ್ದಾಳೆ ಎಂದು ಸಿಟ್ಟು. ತಪ್ಪದೆ ಓದುತ್ತಿದ್ದ ಹಳಬರಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ.

ಅಮ್ಮನಿಗೂ ಸುದ್ದಿ ಮುಟ್ಟಿತು. ಆಕೆ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದಾಗ ಅಮ್ಮ ಗೋಡೆ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತಳು.

“ಏನೋ ಬರೆದಿದ್ದೀಯಂತೆ.”

“ನಡೆದಿದ್ದು ಬರೆದೆ. ಆ ಬರಿಗಾಲಿನ ಕಥೆ ನಂದಲ್ಲಮ್ಮ.”

“ನಿಂದಲ್ಲ ಅಂತ ಅವತ್ತೇ ಗೊತ್ತಾಯ್ತು. ನನ್ನ ಬಗ್ಗೆ ಒಂದು ಒಳ್ಳೇ ಮಾತು ಯಾವತ್ತಾದ್ರೂ ನಿನ್ನ ಬಾಯಲ್ಲಿ ಬಂದಿದ್ಯಾ?”

ಚಾಕು ನಿಂತಿತು. “ಮತ್ತೆ ಹೌದು ಹೌದು ಅಂದೆಯಲ್ಲ? ಚಪ್ಪಲಿ ಹಾಕ್ಕೊಂಡಿರಲಿಲ್ಲ ಅಂದೆಯಲ್ಲ?”

“ಅಂದೆ. ಏನೀಗ?” ಅಮ್ಮನ ದನಿ ಏರಿತು. “ನಾನು ಓಡಿದೆ ಅಂತ ಯಾರೋ ಒಬ್ಬರಾದ್ರೂ ಅಂದ್ರಲ್ಲ.”

ಮೂಳೆ ಸೊಟ್ಟಗಾದ ಬಗ್ಗೆ ಇಬ್ಬರೂ ಮಾತೆತ್ತಲಿಲ್ಲ. ಊಟ ಮುಗಿಯಿತು. ಕೈ ತೊಳೆದು ಬಂದ ಅಮ್ಮ ಮಂಚದ ಮೇಲೆ ಕಾಲು ಚಾಚಿ ಕೂತಳು.

“ಕೆಳಮನೆಯವಳು ಊರಲ್ಲಿಲ್ಲ,” ಎಂದಳು. “ಈ ವಾರದ್ದು ಬಂದಿದ್ರೆ ನೀನೇ ಓದು.”

ಆಕೆ ಕೈ ಒರೆಸಿಕೊಂಡು ಫೋನ್ ತೆಗೆದಳು. ಅಮ್ಮ ಮಗಳಿಗೆ ತಲೆ ಬಾಚಿ ಜಡೆ ಹಾಕುತ್ತಿದ್ದ ಕಥೆ. ಸಿಕ್ಕು ಬಿಡಿಸುವಾಗ ನೋವಾಗದಿರಲೆಂದು ಕೂದಲ ಬುಡವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದಳಂತೆ ಆ ಅಮ್ಮ.

“ನಿಧಾನಕ್ಕೆ ಓದು,” ಎಂದಳು ಅಮ್ಮ, ಕಣ್ಣು ಮುಚ್ಚಿಕೊಂಡು.

ಆಕೆ ನಿಧಾನವಾಗಿ ಕೊನೆಯವರೆಗೂ ಓದಿದಳು. ಅಂದಿನಿಂದ ಪ್ರತಿ ವಾರವೂ ಓದುತ್ತಾಳೆ. ಬ್ಲಾಗನ್ನು ಮುಚ್ಚಿಲ್ಲ, ಆದರೆ ಅದರಲ್ಲಿ ಹೊಸದೇನೂ ಬಂದಿಲ್ಲ.