ಚೀಟಿಯಲ್ಲಿ ಹೆಸರಿಲ್ಲದ ಮಗಳು

ನನ್ನ ಮಗಳು ಉಳಿಯಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಓದುವವರು ಕೊನೆತನಕ ಆಸೆ ಇಟ್ಟುಕೊಂಡು ಕೂಡುವುದು ಬೇಡ. ಆದರೆ ಔಷಧವಿಲ್ಲದೆ ಸಾಯಲಿಲ್ಲ. ಆ ಔಷಧ ಸಿಗುವ ತನಕದ ಓಡಾಟವನ್ನಷ್ಟೇ ಬರೆಯುತ್ತೇನೆ.

ಎಪ್ಪತ್ತರ ದಶಕ ಅರ್ಧ ದಾಟಿತ್ತು. ನಾವು ಇಂಡಿ ಹತ್ತಿರದ ಹಳ್ಳಿಯವರು. ಗಂಡ ಸೊಲ್ಲಾಪುರದ ಬಟ್ಟೆ ಗಿರಣಿಯಲ್ಲಿ ಕೆಲಸಕ್ಕಿದ್ದ, ಅಮಾವಾಸ್ಯೆಗೊಮ್ಮೆ ಊರಿಗೆ ಬರುತ್ತಿದ್ದ. ಮಗಳಿಗೆ ಹನ್ನೆರಡು, ಅವಳ ಬೆನ್ನಿಗೆ ಇಬ್ಬರು ಗಂಡುಹುಡುಗರು. ಆ ವರ್ಷ ಜೋಳದ ಕೊಯ್ಲಿನ ಹೊತ್ತಿಗೆ, ಹೊಡೆಯದೆ ಬಡಿಯದೆ ಅವಳ ಕಾಲ ಮೇಲೆ ನೀಲಿ ಕಲೆ ಎದ್ದವು. ಹಲ್ಲು ತಿಕ್ಕಿದರೆ ರಕ್ತ. "ಯಾರ ಹೊಡದಾರ ಹೇಳ" ಎಂದು ನಾನೇ ಎರಡು ಹೊಡೆದೆ. ಹೊಡೆದಲ್ಲಿ ಮತ್ತೆರಡು ಕಲೆ ಎದ್ದವು.

ಇಂಡಿಯ ಡಾಕ್ಟರು ರಕ್ತ ಕಡಿಮೆ ಎಂದು ಕೆಂಪು ಔಷಧದ ಬಾಟಲಿ ಕೊಟ್ಟರು. ಅದು ಮುಗಿಯುವಷ್ಟರಲ್ಲಿ ಹುಡುಗಿ ಗೋಡೆ ಹಿಡಿದು ನಡೆಯುತ್ತಿದ್ದಳು. ಸಿಂದಗಿಗೆ ಒಯ್ದೆ. ಅಲ್ಲಿಯ ಡಾಕ್ಟರು ಬೆರಳು ಚುಚ್ಚಿ, ಗಾಜಿನ ಮೇಲೆ ರಕ್ತ ಸವರಿ ಬಹಳ ಹೊತ್ತು ನೋಡಿದರು.

"ಇದು ರಕ್ತದ ಕ್ಯಾನ್ಸರ್ ಇದ್ದಂಗ ಕಾಣತೈತಿ. ಅದರ ಡಾಕ್ಟರೇ ಬೇಕವ್ವಾ, ನನ್ನ ಕೈಲೆ ಆಗೂದಿಲ್ಲ."

ಗಂಡನಿಗೆ ಗಿರಣಿಯಿಂದ ಸರಕಾರಿ ವಿಮೆಯ ಚೀಟಿ ಇತ್ತು. ಅದನ್ನು ತೋರಿಸಿದರೆ ಮನೆಮಂದಿಗೆಲ್ಲ ಪುಕ್ಕಟೆ ಔಷಧ ಎನ್ನುತ್ತಿದ್ದ. ಊರಿಗೆ ಬರುವವರ ಕೈಯಲ್ಲಿ ಅದನ್ನು ತರಿಸಿಕೊಂಡು, ಸೆರಗಿನಲ್ಲಿ ಕಟ್ಟಿಕೊಂಡು ತಿರುಗಿದೆ. ಮುದ್ದೇಬಿಹಾಳದಲ್ಲಿ ರಕ್ತ ಬಲ್ಲವರೊಬ್ಬರಿದ್ದಾರೆ ಎಂದು ಯಾರೋ ಹೇಳಿದರು. ಬಸ್ಸು ಬದಲಿಸಿ ಬದಲಿಸಿ ಹೋದರೆ ಅವರು ಹಲ್ಲು ಕೀಳುವವರು. ಆದರೂ ಚೀಟಿಯನ್ನು ಹಿಂದೆ ಮುಂದೆ ತಿರುವಿ ನೋಡಿದರು. "ಇದು ಈ ಕಡೆ ಎಲ್ಲೂ ನಡಿಯೂದಿಲ್ಲ ತಾಯಿ. ನಿನ್ನ ಗಂಡ ಇರೂ ಊರಾಗ ಕೇಳು" ಎಂದರು. ಮೊದಲೇ ಅಲ್ಲಿಗೆ ಹೋಗಬೇಕಿತ್ತು. ನನಗೆ ತಿಳಿಯಲಿಲ್ಲ.

ಸೊಲ್ಲಾಪುರದಲ್ಲಿ ರಕ್ತದ ಕ್ಯಾನ್ಸರ್ ನೋಡುವ ಡಾಕ್ಟರು ಇಬ್ಬರಿದ್ದರು. ಒಬ್ಬರ ಬಾಗಿಲಲ್ಲೇ ಚೀಟಿ ನೋಡಿ ಕೈ ಆಡಿಸಿ ಕಳಿಸಿದರು. ಇನ್ನೊಬ್ಬರು ಗುರುವಾರಕ್ಕೊಮ್ಮೆ ವಿಮೆಯ ದವಾಖಾನೆಗೆ ಬಂದು ಚೀಟಿಯವರನ್ನು ನೋಡುತ್ತಿದ್ದರು. ಸಿಕ್ಕರಲ್ಲ ಎಂದುಕೊಂಡು ಬೆಳಗಾಗುವ ಮೊದಲೇ ಹೋಗಿ ಪಾಳಿ ಹಿಡಿದೆ. ಕಿಟಕಿಯ ಗುಮಾಸ್ತ ಚೀಟಿ ನೋಡಿದ.

"ಇದರಾಗ ಇಬ್ಬರು ಗಂಡ ಹುಡುಗರ ಹೆಸರ ಅದಾವ. ಈಕಿ ಯಾರು?"

"ನನ್ನ ಮಗಳ್ರಿ."

"ಮತ್ತ ಹೆಸರ ಯಾಕಿಲ್ಲ?"

ಯಾಕಿಲ್ಲವೆಂದರೆ ನಾನೇ ಬೇಡವೆಂದಿದ್ದೆ. ಹುಟ್ಟಿದ ಹನ್ನೆರಡನೆಯ ದಿನ ತೊಟ್ಟಿಲಲ್ಲೇ ಅವಳಿಗೆ ನನ್ನ ತವರಿನ ಕುಪ್ಪಸ ಹಾಕಿ, ಇವಳು ನನ್ನ ತಮ್ಮನಿಗೆ ಎಂದು ನಾಲ್ಕು ಜನರ ಮುಂದೆ ಮಾತಾಗಿತ್ತು. ನಮ್ಮಲ್ಲಿ ಹಾಗೆ. ಚೀಟಿ ಬರೆಸುವಾಗ ಗಂಡ ಕೇಳಿದ್ದ. "ಆಕಿ ಮಂದಿ ಮನಿಯಾಕಿ, ಸುಮ್ನ ಯಾಕ ಬರಸ್ತಿ" ಎಂದಿದ್ದೆ. ಗುಮಾಸ್ತನ ಮುಂದೆ ಅದನ್ನೇ ಇದ್ದದ್ದು ಇದ್ದ ಹಾಗೆ ಹೇಳಿದೆ. ಸುಳ್ಳು ಹೇಳಿದ್ದರೆ ಅಂದೇ ಹೆಸರು ಏರುತ್ತಿತ್ತೋ ಏನೋ.

"ಅಂದ್ರ ಲಗ್ನ ಆಗೇತಿ. ಲಗ್ನ ಆದ ಮಗಳಿಗೆ ಇದು ನಡಿಯೂದಿಲ್ಲ."

"ಆಗಿಲ್ರಿ. ಬರೇ ಮಾತು."

"ಹಂಗಾದ್ರ ಆ ಹುಡುಗನ ಸಹಿ, ಅವರ ಊರ ಗೌಡರ ಸಹಿ ತಗೊಂಡ ಬಾ. ಲಗ್ನ ಆಗಿಲ್ಲ, ಸಂಬಂಧ ಇಲ್ಲ ಅಂತ."

ಹುಡುಗಿಯನ್ನು ಗಂಡನ ಖೋಲಿಯಲ್ಲಿ ಬಿಟ್ಟು ಬಸವನ ಬಾಗೇವಾಡಿಗೆ ಬಂದೆ, ಅಲ್ಲಿಂದ ತವರು ಗೊಳಸಂಗಿಗೆ. ತಮ್ಮ ಎತ್ತಿಗೆ ಮೇವು ಹಾಕುತ್ತಿದ್ದ. ಮಾತು ಕೇಳಿ ಮೇವು ಅಲ್ಲೇ ಒಗೆದ.

"ನಾ ಸಹಿ ಮಾಡೂದಿಲ್ಲಕ್ಕಾ. ಜಡ್ಡಾಗೂದ ತಡ, ಕೈ ಬಿಟ್ಟಾ ಅಂತಾರ ಮಂದಿ."

"ಅಂದ್ರ ಅನ್ಲಿ."

"ನಿನಗೇನು, ನಿನ್ನ ಊರು ಬ್ಯಾರೆ. ನಾ ಇಲ್ಲೇ ಬಾಳೇವ ಮಾಡಬೇಕು. ಆಕಿ ಹೆಂಗಿದ್ರೂ ನನ್ನಾಕಿ."

"ನಿನ್ನಾಕಿ ಆಗಿ ಸಾಯಬೇಕೋ, ನಮ್ಮಾಕಿ ಆಗಿ ಬದುಕಬೇಕೋ, ಹೇಳೋ ಮೂಳಾ! ನಿನ್ನ ಮರ್ಯಾದಿ ಅರದು ಕುಡಿಸ್ಲೇನ ಆಕಿಗಿ?"

ಅವನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಕೂಡಲೇ ಸಹಿ ಮಾಡಿ ಕೈತೊಳೆದುಕೊಳ್ಳುತ್ತಿದ್ದ. ಹಿರಿಯರನ್ನು ಕೂಡಿಸಿ ಕೇಳುತ್ತೇನೆ ಎಂದ. ಒಬ್ಬರು ಇದ್ದರೆ ಒಬ್ಬರಿಲ್ಲ. ಎಂಟು ದಿನ ಹೋದವು. ಅತ್ತ ಹುಡುಗಿ ಇದ್ದಾಳೋ ಇಲ್ಲವೋ ಗೊತ್ತಿಲ್ಲ. ನಾನು ಗುಡಿಯ ಕಟ್ಟೆಗೆ ಹೋಗಿ ಕುಳಿತೆ. ಉಣ್ಣಲಿಲ್ಲ, ಯಾರು ಕರೆದರೂ ಏಳಲಿಲ್ಲ. ಎರಡನೆಯ ದಿನ ಹಿರಿಯರು ಕೂಡಿದರು. ಒಬ್ಬ ಮುದುಕ, "ಮುರದ ಸಂಬಂಧ ಮತ್ತ ಕೂಡೂದಿಲ್ಲವಾ, ವಿಚಾರ ಮಾಡು" ಎಂದ.

"ಹುಡುಗಿ ಉಳದ್ರಲ್ಲೇನೋ ಯಪ್ಪಾ ಕೂಡೂದು?" ಎಂದೆ.

ಗೌಡರು ಸಹಿ ಮಾಡಿದರು, ಆಮೇಲೆ ತಮ್ಮ. ನನ್ನ ಕಡೆ ನೋಡಲಿಲ್ಲ. ಬಸ್ಸಿನ ತನಕ ಕಳಿಸಲೂ ಬರಲಿಲ್ಲ.

ತಿರುಗಿ ಬಂದಾಗ ಹುಡುಗಿ ಎದ್ದು ಕೂಡಲಾರದೆ ಮಲಗಿದ್ದಳು. ಆದದ್ದನ್ನು ಹೇಳಿದೆ.

"ಅಂದ್ರ ಇನ್ನ ಮಾಮಾನ ಕೂಡ ಲಗ್ನ ಇಲ್ಲೇನಬೇ?"

"ಇಲ್ಲ."

"ಚಲೋ ಆತ ಬಿಡು. ಅವನ ಬಾಯಿ ತಂಬಾಕ ನಾರತೈತಿ."

ಗಂಡ ನಕ್ಕ. ನಕ್ಕವನು ಎದ್ದು ಹೊರಗೆ ಹೋಗಿ ಬಹಳ ಹೊತ್ತು ಒಳಗೆ ಬರಲಿಲ್ಲ.

ಗುರುವಾರ ಅವನೇ ಅವಳನ್ನು ಬೆನ್ನ ಮೇಲೆ ಹೊತ್ತು ತಂದ. ಗುಮಾಸ್ತ ಕಾಗದ ಓದಿ, ಹುಡುಗರ ಹೆಸರಿನ ಕೆಳಗೆ ಅವಳ ಹೆಸರು ಬರೆದು ಶಿಕ್ಕೆ ಹೊಡೆದ. ಡಾಕ್ಟರು ಕಣ್ಣಿನ ರೆಪ್ಪೆ ಎಳೆದು ನೋಡಿ, ಹೊಟ್ಟೆ ಮುಟ್ಟಿ ನೋಡಿ, ಅಂದೇ ಹಾಸಿಗೆ ಕೊಟ್ಟು ರಕ್ತ ಏರಿಸಿದರು. ಮುಂದೆ ಏಳು ತಿಂಗಳು ಔಷಧ ನಡೆಯಿತು. ಅದರಲ್ಲಿ ಎರಡು ತಿಂಗಳು ಅವಳು ಎದ್ದು ಓಡಾಡಿದಳು, ತಮ್ಮಂದಿರನ್ನು ಹಿಡಿದು ಹೊಡೆದಳು.

ಆ ಮೊದಲ ದಿನ ಡಾಕ್ಟರು ಕೇಳಿದರು, "ಇಷ್ಟ ತಡಾ ಯಾಕ ಮಾಡಿದ್ರಿ?"

"ಕಾಗದ ಇರ್ಲಿಲ್ರಿ" ಎಂದೆ.

ಯಾಕಿರಲಿಲ್ಲ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ.